ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವವರು ವೀಸಾ ಅಲ್ಲ, ಐ-94 ನೋಡಿ

ಮಂಡ್ಯದ ಒಂದು ಮನೆಯಲ್ಲಿ ಆದದ್ದು ಇದು. ಮಗಳ ಬಾಣಂತನಕ್ಕೆಂದು ತಾಯಿ ಜನವರಿ 10ರಂದು ಅಮೆರಿಕದಲ್ಲಿ ಇಳಿದರು. ಕೈಯಲ್ಲಿ ಹತ್ತು ವರ್ಷದ ಬಿ1/ಬಿ2, ಅಂದರೆ ಭೇಟಿಗೆ ಹೋಗುವವರ ವೀಸಾ. ಜುಲೈ ಹೊತ್ತಿಗೆ ಬರಬೇಕಿದ್ದ ಬೀಗರಿಗೆ ವೀಸಾ ಸಂದರ್ಶನದ ದಿನವೇ ಸಿಗಲಿಲ್ಲ. "ನಿನ್ ವೀಸಾ ಇನ್ನೂ ಎಂಟು ವರ್ಷ ಇದೆಯಲ್ಲಮ್ಮ, ಇದ್ದುಬಿಡು" ಅಂದಳು ಮಗಳು. ಮೈಸೂರಿನ ಟ್ರಾವೆಲ್ ಏಜೆಂಟು ಮರುಪ್ರಶ್ನೆ ಹಾಕದೆ ಟಿಕೆಟನ್ನು ಆಗಸ್ಟ್ 20ಕ್ಕೆ ಬದಲಿಸಿಕೊಟ್ಟರು. ಹೊರಡುವಾಗ ಅಲ್ಲಿನ ಏರ್‌ಪೋರ್ಟಿನಲ್ಲೂ ಯಾರೂ ತಡೆಯಲಿಲ್ಲ. ಎರಡು ವರ್ಷದ ಮೇಲೆ ಅದೇ ವೀಸಾ ಹಿಡಿದು ಮತ್ತೆ ಹೋದಾಗ, ಇಳಿದ ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಿದರು.

ವೀಸಾ ಮೇಲಿನ ಕೊನೆಯ ದಿನಾಂಕ ಹೇಳುವುದು ಇಷ್ಟೇ: ಅಷ್ಟರೊಳಗೆ ಬಂದು ಪ್ರವೇಶ ಕೇಳಬಹುದು. ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವುದು ಇಳಿದಾಗ ಎದುರಿಗೆ ಕೂತ ಇಮಿಗ್ರೇಷನ್ ಅಧಿಕಾರಿ. ಆ ದಿನಾಂಕ ಐ-94 ದಾಖಲೆಯಲ್ಲಿರುತ್ತದೆ. ಸಾಮಾನ್ಯವಾಗಿ ಆರು ತಿಂಗಳು. ಆ ತಾಯಿಯದು ಜುಲೈ 9ಕ್ಕೇ ಮುಗಿದಿತ್ತು. ಅದನ್ನು ಒಂದು ದಿನ ಮೀರಿದರೂ ಆ ವೀಸಾ ಕಾನೂನಿನ ಪ್ರಕಾರ ರದ್ದು. ಪಾಸ್‌ಪೋರ್ಟಿನಲ್ಲಿ ರದ್ದಿನ ಮುದ್ರೆ ಇರುವುದಿಲ್ಲ, ಆದ್ದರಿಂದಲೇ ಜನ ಮೋಸ ಹೋಗುವುದು. ಅಮೆರಿಕದಲ್ಲಿ ನಮ್ಮ ಹಾಗೆ ಹೊರಡುವಾಗ ಇಮಿಗ್ರೇಷನ್ ಕೌಂಟರ್ ಇಲ್ಲ. ನೀವು ಹೊರಟ ದಿನವನ್ನು ವಿಮಾನ ಕಂಪನಿಯೇ ಸರ್ಕಾರಕ್ಕೆ ಕಳಿಸಿರುತ್ತದೆ.

ಇಳಿದ ವಾರದಲ್ಲೇ ಐ-94ರ ಸರ್ಕಾರಿ ವೆಬ್‌ಸೈಟಿಗೆ ಹೋಗಿ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ ಹಾಕಿ 'ಅಡ್ಮಿಟ್ ಅಂಟಿಲ್' ದಿನಾಂಕ ನೋಡಿ, ಪ್ರಿಂಟ್ ತೆಗೆದಿಡಿ. ನಮ್ಮ ಕಡೆಯ ಹಿರಿಯರಿಗೆ ಇಲ್ಲೊಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದಿರುತ್ತದೆ. ಹುಡುಕುವಾಗಲೂ ಹಾಗೇ ಹಾಕಿ. ದಾಖಲೆ ಸಿಗಲಿಲ್ಲವೆಂದು ಸುಮ್ಮನಾಗಬೇಡಿ.

ಉಳಿಯಲೇಬೇಕಾದ ಕಾರಣ ಇದ್ದರೆ, ಇರುವ ಅವಧಿ ವಿಸ್ತರಿಸಿಕೊಡಿ ಎಂದು ಕೇಳುವ ಐ-539 ಅರ್ಜಿ ಇದೆ. ಐ-94 ಮುಗಿಯುವ ಮೊದಲೇ ಅದು ತಲುಪಿರಬೇಕು. 45 ದಿನ ಮುಂಚೆ ಹಾಕಿ ಎಂಬುದು ಅಲ್ಲಿನ ಇಮಿಗ್ರೇಷನ್ ಇಲಾಖೆಯದೇ ಸಲಹೆ. ಮಗು ಇನ್ನೂ ಚಿಕ್ಕದು ಅನ್ನುವುದು ಗಟ್ಟಿ ಕಾರಣವಲ್ಲ. ಅರ್ಜಿ ತಿರಸ್ಕಾರವಾದರೆ ತಕ್ಷಣ ಹೊರಡಬೇಕು. ನಡುವೆ ಕೆನಡಾಕ್ಕೆ ನಾಲ್ಕು ದಿನ ಹೋಗಿಬಂದರೆ ಹೊಸ ಆರು ತಿಂಗಳು ಸಿಗುತ್ತದೆ ಎನ್ನುವ ಮಾತನ್ನಂತೂ ನಂಬಬೇಡಿ.

ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು ಷೆಂಗೆನ್; ಅದರ ಲೆಕ್ಕ ಇನ್ನೂ ಜಾರು. ಯಾವುದೇ ದಿನದಿಂದ ಹಿಂದಕ್ಕೆ 180 ದಿನ ಎಣಿಸಿದರೆ ಒಳಗಿದ್ದದ್ದು 90 ದಿನ ಮೀರಬಾರದು. ಹೋದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. ಮಾರ್ಚ್ 1ರಿಂದ ಏಪ್ರಿಲ್ 29ರವರೆಗೆ ಇದ್ದರೆ 60 ದಿನ. ಮೈಸೂರಿಗೆ ಬಂದು ಜುಲೈ 1ಕ್ಕೆ ಮತ್ತೆ ಹೋದರೆ ಉಳಿದದ್ದು 30 ಮಾತ್ರ, ಜುಲೈ 30ರೊಳಗೆ ಹೊರಗಿರಬೇಕು. ಊರಿಗೆ ಬಂದುಹೋದರೆ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ. ಅದೂ ವೀಸಾ ಸ್ಟಿಕ್ಕರಿನ 'ಡ್ಯುರೇಷನ್ ಆಫ್ ಸ್ಟೇ' (ಇರಬಹುದಾದ ದಿನಗಳು) ಜಾಗದಲ್ಲಿ 90 ಎಂದಿದ್ದರೆ. 20 ಎಂದಿದ್ದರೆ ಇಪ್ಪತ್ತೇ ದಿನ, ಪಕ್ಕದ ದಿನಾಂಕಗಳ ಅಂತರ ಎಷ್ಟೇ ಇರಲಿ. 2025ರ ಅಕ್ಟೋಬರ್‌ನಿಂದ ಬೆರಳಚ್ಚು, ಮುಖದ ಚಿತ್ರ ಪಡೆದು ಕಂಪ್ಯೂಟರಿನಲ್ಲೇ ದಿನ ಎಣಿಸುವ ವ್ಯವಸ್ಥೆ ಶುರುವಾಗಿದೆ.

ಬ್ರಿಟನ್ನಿನಲ್ಲಿ ಹತ್ತು ವರ್ಷದ ವಿಸಿಟರ್ ವೀಸಾ ಇದ್ದರೂ ಒಂದು ಸಲಕ್ಕೆ ಆರು ತಿಂಗಳು. ಕೆನಡಾದಲ್ಲೂ ಬೇರೆ ದಿನಾಂಕ ಬರೆದುಕೊಡದಿದ್ದರೆ ಆರೇ. ಹೆಚ್ಚು ಕಾಲ ಇರಬೇಕಾದ ಅಪ್ಪ ಅಮ್ಮಂದಿರಿಗೆ ಸೂಪರ್ ವೀಸಾ ಬೇರೆ ಇದೆ.

ದಿನ ಈಗಾಗಲೇ ಮೀರಿದೆಯೇ? ಇವತ್ತೇ ಟಿಕೆಟ್ ನೋಡಿ. ಅಮೆರಿಕದಲ್ಲಿ 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿದ್ದು ಹೊರಟರೆ 3 ವರ್ಷ ಪ್ರವೇಶವಿಲ್ಲ, ಒಂದು ವರ್ಷ ಮುಟ್ಟಿದರೆ 10 ವರ್ಷ. ಹೊರಟ ದಿನದ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಹಳೆಯ ವೀಸಾದಲ್ಲಿ ಮತ್ತೆ ವಿಮಾನ ಹತ್ತಬೇಡಿ, ಭಾರತದಲ್ಲೇ ಹೊಸದಕ್ಕೆ ಅರ್ಜಿ ಹಾಕಿ. ಅಮೆರಿಕ ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿಯಲ್ಲಿ ಅವಧಿ ಮೀರಿ ಇದ್ದಿರಾ ಎಂದು ಕೇಳುತ್ತಾರೆ. ಏಜೆಂಟ್ ಏನೇ ಹೇಳಲಿ, ಅಲ್ಲಿ 'ಹೌದು' ಎಂದೇ ತುಂಬಿ, ಕಾರಣ ಬರೆಯಿರಿ.