ಅಮ್ಮನನ್ನು ಯಾವ ಮೆಕ್ಸಿಕನ್ ಹೋಟೆಲಿಗೆ ಕರೆದುಕೊಂಡು ಹೋಗಲಿ?

ಮುಂದಿನ ತಿಂಗಳು ಅಮ್ಮ ಮೈಸೂರಿನಿಂದ ಲಾಸ್ ಏಂಜಲೀಸ್‌ಗೆ ಬರುತ್ತಿದ್ದಾರೆ. ಮೊಟ್ಟೆಯನ್ನೂ ಮುಟ್ಟದವರು. ಈ ಊರಿನಲ್ಲಿ ಕಡಿಮೆ ದುಡ್ಡಿಗೆ ರುಚಿಯಾದ ಊಟ ಅಂದರೆ ಮೆಕ್ಸಿಕನ್ನೇ. ಆದರೆ ಅಮ್ಮನಿಗೆ ಸುಮ್ನೆ ಚೀಸ್ ಸುರಿದ ಬರಿಟೊ ತಿನ್ನಿಸಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಇರುವ ಹಾಗೆ ಮೆಕ್ಸಿಕೋದಲ್ಲೂ ಸೀಮೆಗೊಂದು ಅಡುಗೆ ಇದೆ. ಅದಕ್ಕೇ ಮೂರು ಸೀಮೆಗಳ ಪುಟ್ಟ ಹೋಟೆಲುಗಳಲ್ಲಿ ಎರಡೆರಡು ಸಲ ತಿಂದು ನೋಡಿದೆ. ಸಸ್ಯಾಹಾರಿಗೆ ಅಲ್ಲಿಯ ತಿಂಡಿಯೇ ಸಿಗುತ್ತದಾ, ಅಥವಾ ಮಾಂಸ ತೆಗೆದು ಉಳಿದದ್ದು ಸಿಗುತ್ತದಾ? ನಾನು ನೋಡಿದ್ದು ಇಷ್ಟೇ.

ಮೊದಲು ವಹಾಕಾ ಸೀಮೆಯವರ ಹೋಟೆಲು. ಅಲ್ಲಿಯ ಹೆಸರುವಾಸಿ ತಿಂಡಿ ತ್ಲಾಯೂದಾ. ಊಟದ ತಟ್ಟೆಗಿಂತ ದೊಡ್ಡದಾದ, ಹಪ್ಪಳದಂತೆ ಮುರಿಯುವ ಮೆಕ್ಕೆಜೋಳದ ರೊಟ್ಟಿ. ಮೇಲೆ ಕಪ್ಪು ಹುರುಳಿಯಂಥ ಬೀನ್ಸ್ ಅರೆದು ಸವರಿ, ಎಳೆ ಎಳೆಯಾಗಿ ಬಿಡಿಸಿದ ಕೆಸಿಯೊ ಚೀಸ್, ಎಲೆಕೋಸು, ಬೆಣ್ಣೆಹಣ್ಣು ಹಾಕುತ್ತಾರೆ. ಹದಿನಾಲ್ಕು ಡಾಲರ್, ಇಬ್ಬರಿಗೆ ಸಾಕು. ಆದರೆ ಎಲ್ಲಕ್ಕಿಂತ ಕೆಳಗೆ ಆಸಿಯೆಂತೊ ಅಂತ ಹಂದಿಕೊಬ್ಬು ಹಚ್ಚುವುದು ರೂಢಿ. ಬೇಡ ಅಂದರೆ ಬಿಡುತ್ತಾರೆ, ರುಚಿ ಆಗಲೂ ಚೆನ್ನಾಗಿಯೇ ಇರುತ್ತದೆ. ಕಪ್ಪು ಮೋಲೆ ಗೊಜ್ಜಿನ ಆಸೆ ಮಾತ್ರ ಬಿಡಬೇಕಾಯಿತು. ಅದಕ್ಕೆ ಕೋಳಿ ಬೇಯಿಸಿದ ನೀರು ಹಾಕುತ್ತೇವೆ ಅಂತ ಅವರೇ ಹೇಳಿದರು.

ಇಲ್ಲೊಂದು ಮಾತು ಹೇಳಲೇಬೇಕು. ಸ್ಪ್ಯಾನಿಷ್‌ನಲ್ಲಿ ‘ಸಿನ್ ಕಾರ್ನೆ’ (ಮಾಂಸವಿಲ್ಲದೆ) ಅಂತ ಹೇಳಿದರೆ ಸಾಲದು. ಎಷ್ಟೋ ಜನರಿಗೆ ಕಾರ್ನೆ ಅಂದರೆ ದನದ ಮಾಂಸ, ಹಂದಿ ಮಾಂಸ ಅಷ್ಟೇ. ಕೋಳಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಒಂದು ಕಡೆ ನಾನು ಅರ್ಧ ತಟ್ಟೆ ಬೀನ್ಸ್ ತಿಂದ ಮೇಲೆ ಅದರಲ್ಲಿ ಹಂದಿಕೊಬ್ಬು ಇದೆ ಅಂತ ಗೊತ್ತಾಯಿತು. ಅವತ್ತು ತುಂಬಾ ಬೇಜಾರಾಯಿತು. ಈಗ ಕೂರುವ ಮೊದಲೇ ಎರಡು ಪ್ರಶ್ನೆ ಕೇಳುತ್ತೇನೆ: ‘ಮಾಂತೆಕಾ’ ಇದೆಯಾ, ‘ಕಾಲ್ದೊ ದೆ ಪೊಯೊ’ ಇದೆಯಾ? ಮೊದಲನೆಯದು ಹಂದಿಕೊಬ್ಬು, ಎರಡನೆಯದು ಕೋಳಿ ಸಾರು. ಟೊಮೆಟೊ ಹಾಕಿ ಮಾಡುವ ಕೆಂಪನ್ನಕ್ಕೂ ಕೋಳಿ ಸಾರು ಹಾಕುವುದುಂಟು.

ಎರಡನೆಯದಾದ ಯುಕಟಾನ್ ಸೀಮೆಯ ಹೋಟೆಲಿನಲ್ಲಿ ಸಸ್ಯಾಹಾರಿಗೆ ಸಿಗುವುದು ಕಡಿಮೆ. ಪಾಪಾದ್ಸೂಲೆಸ್ ಅನ್ನುವ ರೊಟ್ಟಿ ಸುರುಳಿಗಳ ಮೇಲೆ ಕುಂಬಳಬೀಜದ ಹಸಿರು ಗೊಜ್ಜು ಇರುತ್ತದೆ, ಒಳಗೆ ಬೇಯಿಸಿದ ಮೊಟ್ಟೆ. ಅಮ್ಮನಿಗೆ ಆಗಲ್ಲ. ಆದರೆ ಸಿಕಿಲ್ ಪಾಕ್ ಅಂತ ಒಂದಿದೆ, ಹುರಿದ ಕುಂಬಳಬೀಜ ಮತ್ತು ಸುಟ್ಟ ಟೊಮೆಟೊ ಅರೆದದ್ದು. ನಮ್ಮ ಚಟ್ನಿಯೇ! ಅದೊಂದನ್ನು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಬರುತ್ತೇನೆ.

ಮೂರನೆಯದು ಮೆಕ್ಸಿಕೋ ಸಿಟಿ ಕಡೆಯವರದು. ಹೋಟೆಲು ಅಂದರೆ ಒಂದು ದೊಡ್ಡ ಕಾವಲಿ, ನಾಲ್ಕು ಪ್ಲಾಸ್ಟಿಕ್ ಮೇಜು. ಕಾವಲಿಯ ಮುಂದೆ ನಿಂತ ಹೆಂಗಸು ನೀಲಿ ಮೆಕ್ಕೆಜೋಳದ ಹಿಟ್ಟನ್ನು ಅಂಗೈಯಿಂದ ಅಂಗೈಗೆ ತಟ್ಟುತ್ತಾರೆ. ಆ ಸದ್ದಿಗೇ ರೊಟ್ಟಿ ಬಡಿಯುವ ಮನೆ ನೆನಪಾಗುತ್ತದೆ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ ರುಬ್ಬಿದ ಹಿಟ್ಟು ಅದು. ಕಾವಲಿಗೆ ಬಿದ್ದ ಕೂಡಲೇ ಮಳೆ ಬಿದ್ದ ಹೊಸ ಗೋಡೆಯ ಹಾಗೆ ಒಂದು ಘಮ ಏಳುತ್ತದೆ.

ಅಲ್ಲಿ ಕೆಸಡೀಯಾ, ಅಂದರೆ ಮಡಚಿದ ರೊಟ್ಟಿಯ ಒಳಗೆ ಕುಂಬಳದ ಹೂವು, ಅಣಬೆ, ಅಥವಾ ವಿಟ್ಲಾಕೊಚೆ ತುಂಬುತ್ತಾರೆ. ವಿಟ್ಲಾಕೊಚೆ ಅಂದರೆ ಮೆಕ್ಕೆಜೋಳದ ತೆನೆಯಲ್ಲಿ ಬೆಳೆಯುವ ಕಪ್ಪು ಬೂಷ್ಟು. ನೋಡಲು ಮಸಿಯಂತೆ, ತಿಂದರೆ ಮಣ್ಣಿನ ಘಮದ ಅಣಬೆಯಂತೆ. ಈ ಸೀಮೆಯಲ್ಲಿ ಕೆಸಡೀಯಾಗೆ ಚೀಸ್ ಬೇಕಾದರೆ ಕೇಳಿ ಹಾಕಿಸಿಕೊಳ್ಳಬೇಕು. ಅಮ್ಮನಿಗೆ ಇದು ಅನುಕೂಲವೇ. ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು, ಗೊತ್ತಾದರೆ ಅವರು ಮುಟ್ಟಲ್ಲ.

ಅಲ್ಲಿ ನನಗೆ ಅತಿ ಇಷ್ಟವಾದದ್ದು ತ್ಲಾಕೋಯೊ. ಕಣಕದೊಳಗೆ ಹೂರಣ ಇಟ್ಟ ಹಾಗೆ ಹಿಟ್ಟಿನೊಳಗೆ ಬೀನ್ಸ್ ಇಟ್ಟು, ದೋಣಿಯಾಕಾರಕ್ಕೆ ತಟ್ಟಿ ಬೇಯಿಸುತ್ತಾರೆ. ಮೇಲೆ ಪಾಪಾಸುಕಳ್ಳಿಯ ಪಲ್ಯ, ಹಸಿರು ಸಾಲ್ಸಾ. ಐದು ಡಾಲರ್. ಇದರಲ್ಲಿ ತೆಗೆಯಬೇಕಾದದ್ದು ಏನೂ ಇಲ್ಲ, ಇದು ಮೊದಲಿನಿಂದಲೂ ಹೀಗೇ. ಬೀನ್ಸಿಗೆ ಕೊಬ್ಬು ಹಾಕುವುದಿಲ್ಲ ಅಂತ ಕೇಳಿ ಖಚಿತ ಮಾಡಿಕೊಂಡೆ.

ಒಂದೇ ತೊಂದರೆ, ಅದೇ ಕಾವಲಿಯ ಇನ್ನೊಂದು ಮೂಲೆಯಲ್ಲಿ ಮಾಂಸವೂ ಬೇಯುತ್ತದೆ. ರುಚಿಗೆ ಹೇಳುವುದಾದರೆ ವಹಾಕಾ ಒಂದು ಕೈ ಮೇಲೆ. ಆದರೂ ಅಮ್ಮನಿಗೆ ನಾನು ಆರಿಸಿದ್ದು ಈ ಕಾವಲಿಯನ್ನೇ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬಂದರೆ, ಮಾಂಸ ಹಾಕುವ ಮೊದಲೇ ಮಾಡಿಕೊಡುತ್ತೇನೆ ಅಂತ ಕಾವಲಿಯ ಮುಂದಿನ ಆ ಹೆಂಗಸೇ ಹೇಳಿದ್ದಾರೆ. ಕುಂಬಳದ ಹೂವೂ ಆಗಲೇ ಸಿಗುವುದಂತೆ, ಹತ್ತು ಗಂಟೆಗೆಲ್ಲ ಖಾಲಿ.