ಪೋಕರ್‌ಟ್ರ್ಯಾಕರ್ 4: “ಗಂಟೆಗೆ ಎಷ್ಟು ಬೀಳ್ತದೆ?” ಎಂದು ಕೇಳುವವರಿಗೆ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಆನ್‌ಲೈನ್ ಪೋಕರ್ ಆಡುತ್ತಿದ್ದವರಲ್ಲಿ ಹೆಚ್ಚಿನವರು ತಮ್ಮ ಗಳಿಕೆಯನ್ನು ವಾಲೆಟ್ ನೋಡಿ ಹೇಳುತ್ತಿದ್ದರು. ಅದು ಲೆಕ್ಕವೇ ಅಲ್ಲ. ಆ ಅಭ್ಯಾಸ ಬಿಡಿಸಿದ್ದಕ್ಕೇ ಈ ತಂತ್ರಾಂಶಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡಬಹುದು.

ಕೆಲಸ ಸರಳ. ಸೈಟು ಕೊಡುವ ಹ್ಯಾಂಡ್ ಹಿಸ್ಟರಿ, ಅಂದರೆ ಆಡಿದ ಪ್ರತಿ ಹ್ಯಾಂಡಿನ (ಒಂದು ಸಲ ಎಲೆ ಹಂಚಿ ಆಡಿದ ಆಟದ) ದಾಖಲೆಯ ಫೈಲುಗಳನ್ನು ಓದಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಇಡುತ್ತದೆ. ಮೊದಲು ನೋಡಬೇಕಾದ ಅಂಕಿ ಬಿಬಿ/100, ಅಂದರೆ ನೂರು ಹ್ಯಾಂಡಿಗೆ ಗೆದ್ದ ಬಿಗ್ ಬ್ಲೈಂಡ್. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ಪಣದಲ್ಲಿ ದೊಡ್ಡದೇ ಬಿಗ್ ಬ್ಲೈಂಡ್; ₹5/₹10ರಲ್ಲಿ ಅದು ₹10. ಗಂಟೆಯ ದರ ಹುಟ್ಟುವುದು ಇಲ್ಲಿಂದಲೇ. ₹5/₹10ರ ಆರು ಜನರ ಟೇಬಲಿನಲ್ಲಿ ಗಂಟೆಗೆ ಸುಮಾರು 75 ಹ್ಯಾಂಡ್ ಬರುತ್ತಿದ್ದವು. ಎರಡು ಟೇಬಲಾದರೆ 150. ರೇಕ್ (ಸೈಟು ಕಡಿಯುವ ಪಾಲು) ಕಳೆದು 4 ಬಿಬಿ/100 ಗೆಲ್ಲುವವನು ಒಳ್ಳೆಯ ಆಟಗಾರ. ಅವನಿಗೆ ಗಂಟೆಗೆ 6 ಬಿಗ್ ಬ್ಲೈಂಡ್, ಅಂದರೆ ₹60. ₹1/₹2ರಲ್ಲಿ ಇದೇ ಆಟಕ್ಕೆ ₹12. ಬಿಗ್ ಬ್ಲೈಂಡ್ ₹50 ಆದರೆ ಎದುರಾಳಿಗಳು ಗಟ್ಟಿಯಾಗುತ್ತಾರೆ. ದರ 2ಕ್ಕೆ ಇಳಿದರೆ ಗಂಟೆಗೆ ₹150. ತಿಂಗಳಿಗೆ ಲಕ್ಷ ಎನ್ನುವ ಮಾತು ಕೇಳಿದಾಗ ಈ ಗುಣಾಕಾರ ಮಾಡಿ ನೋಡಿ.

ಗಂಟೆ ಎಂದರೆ ಯಾವ ಗಂಟೆ ಎಂಬುದರಲ್ಲಿ ಹಲವರು ಎಡವುತ್ತಾರೆ. ಎರಡು ಟೇಬಲ್‌ಗಳಲ್ಲಿ ಒಂದು ಗಂಟೆ ಆಡಿದರೆ ಟೇಬಲ್ ಲೆಕ್ಕದಲ್ಲಿ ಎರಡು ಗಂಟೆ, ಗಡಿಯಾರದಲ್ಲಿ ಒಂದೇ. ವರದಿಯಲ್ಲಿ ಯಾವುದು ಬಂದಿದೆ ಎಂದು ನೋಡದೆ ಇಬ್ಬರ ದರ ಹೋಲಿಸಬೇಡಿ. ಟೇಬಲ್ ಸಿಗಲು ಕಾದ ಹೊತ್ತು, ಹಳೆಯ ಹ್ಯಾಂಡ್ ಬಿಡಿಸಿ ಕಲಿತ ಹೊತ್ತು ಯಾವ ವರದಿಯಲ್ಲೂ ಇರುವುದಿಲ್ಲ; ಅದನ್ನು ನೀವೇ ಬರೆದಿಡಬೇಕು. ಜೂನ್, ಜುಲೈಯಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ನೆಟ್ ಕಡಿದಾಗ ಫೋಲ್ಡ್ ಆದ (ಆಟ ಬಿಟ್ಟಂತೆ ಲೆಕ್ಕವಾದ) ಹ್ಯಾಂಡ್‌ಗಳು ಮಾತ್ರ ಫಲಿತಾಂಶದೊಳಗೇ ಸೇರಿರುತ್ತವೆ. ಮಳೆಗಾಲದ ದರ ಕುಸಿದಿದ್ದರೆ ಆಟ ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಇದನ್ನೂ ನೋಡಿ.

ಇನ್ನು ಹ್ಯಾಂಡ್‌ಗಳ ಸಂಖ್ಯೆ. ಈ ವಿಷಯವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಆರು ಜನರ ಹೋಲ್ಡೆಮ್‌ನಲ್ಲಿ ನೂರು ಹ್ಯಾಂಡಿನ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಸಾಮಾನ್ಯವಾಗಿ 80ರಿಂದ 100 ಬಿಬಿ. 90 ಎಂದು ಹಿಡಿಯಿರಿ. 20,000 ಹ್ಯಾಂಡ್ ಎಂದರೆ ನೂರರ 200 ಕಟ್ಟು. 90ನ್ನು 200ರ ವರ್ಗಮೂಲದಿಂದ ಭಾಗಿಸಿದರೆ 6.4. ಅದರ ಎರಡರಷ್ಟು ಆಚೀಚೆ ಬಿಟ್ಟರೆ, 4 ಎಂದು ಕಂಡ ದರ ನಿಜದಲ್ಲಿ ಮೈನಸ್ 8.7 ಇರಬಹುದು, ಪ್ಲಸ್ 16.7 ಕೂಡ ಇರಬಹುದು. ಒಂದು ಲಕ್ಷ ಹ್ಯಾಂಡ್ ಆದ ಮೇಲೂ ಮೈನಸ್ 1.7ರಿಂದ ಪ್ಲಸ್ 9.7. ಗಂಟೆಗೆ 150 ಹ್ಯಾಂಡಿನಂತೆ ಲಕ್ಷ ಹ್ಯಾಂಡ್ ಮುಟ್ಟಲು 667 ಗಂಟೆ ಬೇಕು. ದಿನಕ್ಕೆರಡು ಗಂಟೆ ಕೂತರೂ ಹತ್ತಿರ ಹತ್ತಿರ ಒಂದು ವರ್ಷ. ಒಂದು ತಿಂಗಳ ಗ್ರಾಫ್ ಹಿಡಿದು ಕೆಲಸ ಬಿಡುವ ಯೋಚನೆ ಮಾಡಿದವರಿಗೆ ಈ ಭಾಗಾಕಾರ ತೋರಿಸಲೇಬೇಕು. ನಿಜವಾಗಿಯೂ 4 ಬಿಬಿ ಗೆಲ್ಲುವವನಿಗೂ 20 ಬೈ-ಇನ್ ಇಳಿಕೆ ಬರಬಹುದು. ಬೈ-ಇನ್ ಎಂದರೆ ಟೇಬಲಿಗೆ ತರುವ ಹಣ, ಸಾಮಾನ್ಯವಾಗಿ 100 ಬಿಗ್ ಬ್ಲೈಂಡ್. ₹10ರ ಬ್ಲೈಂಡಿನಲ್ಲಿ ಅದು ₹20,000, ಅಂದರೆ 333 ಗಂಟೆಗಳ ಗಳಿಕೆ.

ಆಲ್-ಇನ್ ಇಕ್ವಿಟಿ ಲೆಕ್ಕ, ಅಂದರೆ ಇದ್ದ ಹಣವೆಲ್ಲ ಕಟ್ಟಿದ ಹೊತ್ತಿಗೆ ಗೆಲ್ಲುವ ಸಾಧ್ಯತೆ ಎಷ್ಟಿತ್ತೋ ಅಷ್ಟನ್ನೇ ಹಿಡಿಯುವ ಲೆಕ್ಕ, ಸ್ವಲ್ಪ ನೆರವಾಗುತ್ತದೆ, ಆದರೆ ಅದು ಸರಿಪಡಿಸುವುದು ಆಲ್-ಇನ್ ಆದ ನಂತರದ ಎಲೆಗಳ ಅದೃಷ್ಟವನ್ನು ಮಾತ್ರ. ಒಳ್ಳೆಯ ಎಲೆ ಬಂದದ್ದು, ಎದುರಾಳಿಗೆ ಇನ್ನೂ ಒಳ್ಳೆಯದು ಬಂದದ್ದು ಹಾಗೆಯೇ ಉಳಿಯುತ್ತದೆ.

ತಾರೀಕಿನ ಫಿಲ್ಟರ್ ನಮ್ಮಂಥ ಕೇರಳ-ಕರ್ನಾಟಕ ಗಡಿಯವರಿಗೆ ಬಹಳ ಉಪಯೋಗ. 2021ರ ಅಕ್ಟೋಬರ್‌ನಿಂದ 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡುವವರೆಗೆ ಕರ್ನಾಟಕದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧದ ಕಾನೂನಿತ್ತು. ಗಡಿಯ ತಲಪಾಡಿಯಿಂದಾಚೆಯ ಕರ್ನಾಟಕದವರಿಗೆ ಹಲವು ಆ್ಯಪ್‌ಗಳು ಹಣದ ಟೇಬಲ್ ಮುಚ್ಚಿದ್ದವು. ಆ ತಿಂಗಳುಗಳನ್ನು ಬೇರೆಯಾಗಿ ನೋಡುವುದು ಒಳ್ಳೆಯದು.

ತಂತ್ರಾಂಶ ತೋರಿಸದೇ ಇರುವುದು ತೆರಿಗೆ. ಒಂದು ನಕ್ಷತ್ರ ಕಡಿಮೆಯಾದದ್ದು ಇದಕ್ಕೇ. 2023ರ ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ 30% ಟಿಡಿಎಸ್ ಬಂತು. ₹60 ಅಲ್ಲಿಗೆ ₹42 ಆಯಿತು, ಸೆಸ್ ಬೇರೆ. ಒಂದು ವರ್ಷದ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಮೊದಲ ವರ್ಷ ₹40,000 ಗೆದ್ದು ಎರಡನೇ ವರ್ಷ ಅಷ್ಟೇ ಸೋತವನ ಗ್ರಾಫ್ ಸೊನ್ನೆಗೆ ನಿಲ್ಲುತ್ತದೆ, ಅವನ ಕೈಯಿಂದ ಮಾತ್ರ ₹12,000 ಹೋಗಿರುತ್ತದೆ. 2023ರ ಅಕ್ಟೋಬರ್ 1ರಿಂದ ಜಮೆಯ ಮೇಲೆ 28% ಜಿಎಸ್‌ಟಿಯೂ ಬಂತು: ₹10,000 ಹಾಕಿದರೆ ಅದರೊಳಗಿಂದಲೇ ₹2,187 ತೆರಿಗೆಗೆ (128ರಲ್ಲಿ 28 ಪಾಲು). ಜಮೆ, ವಾಪಸಾತಿ, ಬೋನಸ್‌ಗಳಿಗೆ ಪಕ್ಕದಲ್ಲೊಂದು ಎಕ್ಸೆಲ್ ಹಾಳೆ ಇಡದೆ ನಿಮ್ಮ ಗಂಟೆಯ ದರ ಗೊತ್ತಾಗುವುದಿಲ್ಲ.

2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆಯಿಂದ ದೇಶದ ಆ್ಯಪ್‌ಗಳ ಹಣದ ಟೇಬಲ್‌ಗಳು ನಿಂತವು. ಹೊರದೇಶದ ಸೈಟುಗಳ ದಾರಿ ಹುಡುಕಬೇಡಿ. ಅದೂ ಕಾನೂನುಬಾಹಿರ, ದುಡ್ಡು ಸಿಕ್ಕಿಕೊಂಡರೆ ಕೇಳುವವರಿಲ್ಲ. ಈಗ ಇದನ್ನು ಹೊಸದಾಗಿ ಕೊಳ್ಳುವ ಅಗತ್ಯ ಕಾಣುವುದಿಲ್ಲ. ಈಗಾಗಲೇ ಇರುವವರು ಹ್ಯಾಂಡ್ ಹಿಸ್ಟರಿ ಫೈಲುಗಳನ್ನು ಬೇರೆ ಡ್ರೈವಿಗೆ ನಕಲಿಸಿಡಿ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದರೆ ಡೇಟಾಬೇಸ್ ಹೋಗುತ್ತದೆ. ಫೈಲುಗಳಿದ್ದರೆ ಮತ್ತೆ ಇಂಪೋರ್ಟ್ ಮಾಡಿಕೊಳ್ಳಬಹುದು.