ಲ್ಯಾಪ್‌ಟಾಪ್ ಮುಟ್ಟದೇನೇ ರಿಪೇರಿ ಮಾಡ್ಕೊಟ್ರು

ನಮ್ ಹಳೇ ಲ್ಯಾಪ್‌ಟಾಪಲ್ಲಿ ಪಕ್ಕದ್ಮನೆ ವೈಫೈ ಎಲ್ಲಾ ಕಾಣುತ್ತೆ, ನನ್ ಹೊಸ ಫೋನಿನ ಹಾಟ್‌ಸ್ಪಾಟ್ ಒಂದ್ ಬಿಟ್ಟು. ಮೊದ್ಲು ತೋರಿಸಿದ್ ಕಡೆ ವೈಫೈ ಕಾರ್ಡ್ ಹೋಗಿದೆ ಹೊಸದು ಹಾಕ್ಬೇಕು ಅಂದ್ಬಿಟ್ರು. ಆಮೇಲೆ ತುಮಕೂರು ಬಿ.ಎಚ್. ರೋಡಲ್ಲಿರೋ ಈ ಪುಟ್ಟ ಅಂಗಡಿಗೆ ಬಂದೆ, ಹುಡುಗ 'ಫೋನ್ ಕೊಡಿ ಅಣ್ಣ' ಅಂದ, ಹಾಟ್‌ಸ್ಪಾಟ್ ಸೆಟ್ಟಿಂಗ್ಸಲ್ಲಿ ಬ್ಯಾಂಡ್ (ಅಂದ್ರೆ ವೈಫೈ ಸಿಗ್ನಲ್ ಹೋಗೋ ಫ್ರೀಕ್ವೆನ್ಸಿ) 5 ಗಿಗಾಹರ್ಟ್ಸ್ ಇದ್ದಿದ್ದನ್ನ 2.4ಕ್ಕೆ ಹಾಕ್ದ, ಟಕ್ ಅಂತ ಹೆಸ್ರು ಬಂತು! ಹಳೇ ಕಾರ್ಡ್‌ಗೆ 5 ಕಾಣೋದೇ ಇಲ್ವಂತೆ. ಹೆಸ್ರು ಬಂದೂ ಕನೆಕ್ಟ್ ಆಗ್ದಿದ್ರೆ ಹಾಟ್‌ಸ್ಪಾಟ್ ಸೆಕ್ಯುರಿಟೀಲಿ ಡಬ್ಲ್ಯುಪಿಎ3 (ಹೊಸ ಥರದ ವೈಫೈ ಲಾಕ್) ತೆಗ್ದು ಹಳೇ ಥರದ ಡಬ್ಲ್ಯುಪಿಎ2 ಹಾಕಿ ಅಂತಾನೂ ಹೇಳ್ಕೊಟ್ಟ. ದುಡ್ಡು ಕೇಳ್ಲೇ ಇಲ್ಲ, ನಂಗೇ ಒಂಥರಾ ಆಗಿ ಒಂದು ಮೌಸ್ ತಗೊಂಡೆ. ಗಾಡಿ ನಿಲ್ಸೋಕೆ ಮಾತ್ರ ಜಾಗ ಇಲ್ಲ, ನಡ್ಕೊಂಡೇ ಹೋಗಿ.